ಓಪಿಯಾಯ್ಡ್ ವ್ಯಸನದ ಚಿಕಿತ್ಸೆಯ ಜೊತೆಗೇ ಎಚ್‌ಐವಿ ತಡೆ: ಚಿಕಿತ್ಸಾ ಕೇಂದ್ರಗಳಿಗೊಂದು ಕೈಪಿಡಿ

ಓಪಿಯಾಯ್ಡ್ (ಹೆರಾಯಿನ್ ಮತ್ತು ಅಫೀಮಿನ ಬಗೆಯ ನೋವುನಿವಾರಕಗಳ) ವ್ಯಸನಕ್ಕೆ ಚಿಕಿತ್ಸೆ ಪಡೆಯಲು ಬಂದವರಿಗೆ ಎಚ್‌ಐವಿ ಪರೀಕ್ಷೆಯೂ ಆಗಬೇಕೆಂದು ವೈದ್ಯರಿಗೆ ಅನ್ನಿಸಿದಾಗ ಹೆಚ್ಚಿನ ಕೇಂದ್ರಗಳಲ್ಲಿ ನಡೆಯುವುದು ಇಷ್ಟೆ: ಒಂದು ಚೀಟಿ ಬರೆದು ಕೊಡುತ್ತಾರೆ. ಅದರಲ್ಲಿ ಬೇರೊಂದು ಆಸ್ಪತ್ರೆಯ ಹೆಸರು, ವಿಭಾಗದ ಹೆಸರು, ಹೋಗಬೇಕಾದ ಸಮಯ ಇರುತ್ತದೆ. ಚೀಟಿ ನಾಲ್ಕು ಮಡಿಕೆಯಾಗಿ ಜೇಬು ಸೇರುತ್ತದೆ. ವಾರ ಕಳೆದು ಅದೇ ವ್ಯಕ್ತಿ ಔಷಧಕ್ಕೆ ಬಂದಾಗಲೂ ಚೀಟಿ ಅದೇ ಜೇಬಿನಲ್ಲಿ, ಬೆವರಿಗೆ ಮೆತ್ತಗಾಗಿ, ಅಕ್ಷರ ಅಳಿಸುತ್ತಾ ಉಳಿದಿರುತ್ತದೆ. ಅವರು ಹೋಗದಿದ್ದುದಕ್ಕೆ ಉದಾಸೀನ ಕಾರಣವಲ್ಲ. ಹೊಸ ಜಾಗದಲ್ಲಿ ಮತ್ತೆ ಹೆಸರು ಬರೆಸಬೇಕು, ಮತ್ತೆ ಮೊದಲಿನಿಂದ ತನ್ನ ಕಥೆ ಹೇಳಬೇಕು, ತೋಳಿನ ಮೇಲಿನ ಗುರುತುಗಳನ್ನು ಅಪರಿಚಿತರಿಗೆ ತೋರಿಸಬೇಕು, ಅವರ ಮುಖಭಾವವನ್ನು ಸಹಿಸಿಕೊಳ್ಳಬೇಕು. ಇದರ ನಡುವೆ ಔಷಧದ ಪ್ರಭಾವ ಇಳಿಯುವುದರೊಳಗೆ ವಾಪಸಾಗಬೇಕು.

ಈ ಕೈಪಿಡಿ, ವ್ಯಸನದ ತುಡಿತ ಮತ್ತು ನರಳಾಟ ತಗ್ಗಿಸುವ ಔಷಧಗಳಾದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವ ಕೇಂದ್ರಗಳ ವೈದ್ಯರು, ದಾದಿಯರು, ಆಪ್ತಸಮಾಲೋಚಕರು ಮತ್ತು ಔಷಧ ವಿತರಿಸುವವರಿಗಾಗಿ ಬರೆದದ್ದು. ಎಚ್‌ಐವಿ ತಡೆಯ ಕೆಲಸಕ್ಕಾಗಿ ಜನರನ್ನು ಬೇರೆ ಕಡೆಗೆ ಕಳಿಸಬೇಡಿ, ಅವರು ಈಗಾಗಲೇ ನಂಬಿ ಬರುತ್ತಿರುವ ಕೋಣೆಯಲ್ಲೇ, ಬಂದ ದಿನವೇ ಅದನ್ನು ಮಾಡಿ ಎಂಬುದೇ ಇದರ ತಿರುಳು. ದಿನವೂ ಅಥವಾ ವಾರಕ್ಕೆರಡು ಸಲ ತಾವಾಗಿಯೇ ನಡೆದು ಬರುವ ರೋಗಿಗಳು ವೈದ್ಯಕೀಯದ ಬೇರೆ ಯಾವ ವಿಭಾಗಕ್ಕೂ ಸುಲಭವಾಗಿ ಸಿಗುವುದಿಲ್ಲ.

ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ತೋರಿಸಿಕೊಟ್ಟಿದೆ. ವರ್ಷಕ್ಕೆ ಐದು ಹೊಸ ಪ್ರಕರಣಗಳೂ ಕಾಣದಿದ್ದ ಆ ಗ್ರಾಮೀಣ ಪ್ರದೇಶದಲ್ಲಿ 2014ರ ನವೆಂಬರ್‌ನಿಂದ ಒಂದು ವರ್ಷದೊಳಗೆ 181 ಮಂದಿಯಲ್ಲಿ ಎಚ್‌ಐವಿ ಪತ್ತೆಯಾಯಿತು. ಅವರಲ್ಲಿ ಬಹುತೇಕರು ಆಕ್ಸಿಮಾರ್ಫೋನ್ ಎಂಬ ನೋವುನಿವಾರಕ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಹೆಪಟೈಟಿಸ್ ಸಿ ಸೋಂಕೂ ಇತ್ತು. ಬಳಸಿದ ಸೂಜಿ ಪಡೆದು ಹೊಸದು ಕೊಡುವ ಸೂಜಿ ವಿನಿಮಯಕ್ಕೆ ಅಲ್ಲಿ ಅನುಮತಿ ದೊರೆತದ್ದು ಸೋಂಕು ಹಬ್ಬಿದ ಮೇಲೆ, 2015ರ ಮಾರ್ಚ್ ಕೊನೆಯಲ್ಲಿ. ಹೆಪಟೈಟಿಸ್ ಸಿ ಹರಡಿದೆಯೆಂದರೆ ಸೂಜಿಗಳು ಕೈ ಬದಲಾಗುತ್ತಿವೆ ಎಂದೇ ತಿಳಿಯಬೇಕು. ಅದೇ ದಾರಿಗೆ ಎಚ್‌ಐವಿ ಬಂದು ಸೇರಿದರೆ ಊರಿಗೆ ಊರೇ ಸಿಕ್ಕಿಕೊಳ್ಳಲು ಕೆಲವು ತಿಂಗಳು ಸಾಕು.

ವ್ಯಸನದ ಔಷಧವೇ ಮೊದಲ ತಡೆ

ಹೊಸದಾಗಿ ಏನನ್ನಾದರೂ ಸೇರಿಸುವ ಮೊದಲು ಈಗಾಗಲೇ ಕೊಡುತ್ತಿರುವುದನ್ನು ಸರಿಯಾಗಿ ಕೊಡಬೇಕು. ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿರುವವರಿಗೆ ಎಚ್‌ಐವಿ ತಗಲುವ ಸಂಭವ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ನಡೆಸಿದ ವಿಶ್ಲೇಷಣೆ ತೋರಿಸಿತು. ಕಾರಣ ಸರಳ: ಚುಚ್ಚಿಕೊಳ್ಳುವ ಸಲಗಳು ಕಡಿಮೆಯಾದಷ್ಟೂ ಇನ್ನೊಬ್ಬರ ಸೂಜಿ ಕೈಗೆ ಬರುವ ಸಂದರ್ಭಗಳೂ ಕಡಿಮೆಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಔಷಧಗಳನ್ನು 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆದರೆ ಈ ರಕ್ಷಣೆ ದೊರೆಯುವುದು ಡೋಸ್ ಸಾಕಷ್ಟಿದ್ದಾಗ ಮಾತ್ರ. ಮೆಥಡೋನನ್ನು 30 ಮಿಲಿಗ್ರಾಂನಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಸಂಜೆಯಾಗುವಷ್ಟರಲ್ಲಿ ಮೈ ನೋಯತೊಡಗುತ್ತದೆ, ಕಣ್ಣುಮೂಗು ಸುರಿಯುತ್ತದೆ, ಆ ವ್ಯಕ್ತಿ ಮತ್ತೆ ಸೂಜಿಯ ಕಡೆಗೆ ಹೋಗುತ್ತಾರೆ. ನಿಧಾನವಾಗಿ, ಎಚ್ಚರಿಕೆಯಿಂದ ಏರಿಸುತ್ತಾ ಬಂದು, ಸಾಮಾನ್ಯವಾಗಿ ದಿನಕ್ಕೆ 60ರಿಂದ 120 ಮಿಲಿಗ್ರಾಂ ನಡುವೆ ಎಲ್ಲೋ ಒಂದು ಕಡೆ ನೆಲೆ ನಿಲ್ಲಿಸಬೇಕಾಗುತ್ತದೆ. ಚಿಕಿತ್ಸೆಯ ನಡುವೆ ಯಾರಾದರೂ ಹೆರಾಯಿನ್ ಬಳಸಿದ್ದು ಮೂತ್ರಪರೀಕ್ಷೆಯಲ್ಲಿ ಕಂಡರೆ ಶಿಕ್ಷೆಯೆಂದು ಔಷಧ ಕಡಿತಗೊಳಿಸುವ ಅಥವಾ ಹೊರಹಾಕುವ ರೂಢಿ ಕೆಲವೆಡೆ ಇದೆ. ಇದನ್ನು ಕೈಬಿಡಲೇಬೇಕು. ಡೋಸ್ ಸಾಲುತ್ತಿಲ್ಲ ಎಂಬ ಸೂಚನೆಯನ್ನು ಅಪರಾಧವೆಂದು ಓದುವುದು ವೈದ್ಯಕೀಯವಾಗಿ ತಪ್ಪು. ಹಾಗೆ ಹೊರಹಾಕಿದವರೇ ಅತಿ ಹೆಚ್ಚಿನ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ವ್ಯಸನದ ಪದಾರ್ಥವನ್ನು ದೇಹದಿಂದ ಇಳಿಸಿ, ಮುಂದಿನ ಔಷಧವಿಲ್ಲದೆ ಮನೆಗೆ ಕಳಿಸುವುದೂ ಅಷ್ಟೇ ಅಪಾಯಕರ. ಅಷ್ಟರಲ್ಲಿ ದೇಹದ ಸಹಿಷ್ಣುತೆ ಕುಗ್ಗಿರುತ್ತದೆ, ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು. ಆದ್ದರಿಂದ ಯಾವ ಚಿಕಿತ್ಸೆ ಕೊಟ್ಟರೂ, ಓಪಿಯಾಯ್ಡ್ ಅತಿಯಾಗಿ ಉಸಿರು ಕುಗ್ಗಿದಾಗ ಮರಳಿಸುವ ಔಷಧವಾದ ನಲೋಕ್ಸೋನನ್ನು ಕೈಗೆ ಕೊಟ್ಟು, ಬಳಸುವ ಕ್ರಮವನ್ನು ಮನೆಯವರಿಗೋ ಜೊತೆಗಾರರಿಗೋ ತೋರಿಸಿ ಕಳಿಸಬೇಕು.

ಪ್ರಶ್ನೆ ಕೇಳುವ ರೀತಿ

ಎಲ್ಲ ಕೇಂದ್ರಗಳ ನಮೂನೆಯಲ್ಲೂ ಒಂದು ಪ್ರಶ್ನೆ ಇರುತ್ತದೆ: ‘ಸೂಜಿ ಹಂಚಿಕೊಳ್ಳುತ್ತೀರಾ?’ ಎಲ್ಲರ ಉತ್ತರವೂ ‘ಇಲ್ಲ’. ಇದು ಸುಳ್ಳಲ್ಲದಿರಬಹುದು. ಅವರ ಪಾಲಿಗೆ ಹಂಚಿಕೊಳ್ಳುವುದೆಂದರೆ ಅಪರಿಚಿತರ ಸೂಜಿ ಎತ್ತಿಕೊಳ್ಳುವುದು. ಗಂಡನ ಸೂಜಿ, ಗೆಳೆಯನ ಸೂಜಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನು ಚಮಚ, ಹತ್ತಿ, ನೀರು ಇವುಗಳ ನೆನಪು ಯಾರಿಗೂ ಆಗುವುದಿಲ್ಲ. ಹಾಗಾಗಿ ಹೌದು-ಇಲ್ಲಗಳ ಪ್ರಶ್ನೆ ಬಿಟ್ಟು, ಕಳೆದ ಬಾರಿ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿಕೊಳ್ಳುವುದು ಮೇಲು. ಮಾತು ಹೀಗೆ ಸಾಗಬಹುದು:

‘ಕಳೆದ ಸಲ ಚುಚ್ಚಿಕೊಂಡಾಗ ಜೊತೆಯಲ್ಲಿ ಯಾರಿದ್ದರು?’

‘ಇಬ್ಬರು ಗೆಳೆಯರಿದ್ದರು.’

‘ಯಾವುದರಲ್ಲಿ ಕರಗಿಸಿದಿರಿ?’

‘ಒಂದೇ ಚಮಚ ಇತ್ತು. ದುಡ್ಡು ಸೇರಿಸಿ ತಂದದ್ದು, ಒಟ್ಟಿಗೇ ಕರಗಿಸಿದೆವು.’

‘ಅದರಿಂದ ಮೂವರಿಗೂ ಅಳತೆ ಹೇಗೆ ಮಾಡಿದಿರಿ?’

‘ನನ್ನ ಸಿರಿಂಜಿನಲ್ಲಿ ಎಳೆದು ಅವರಿಬ್ಬರ ಸಿರಿಂಜಿಗೆ ಹಾಕಿದೆ. ಆದರೆ ಸೂಜಿ ಮಾತ್ರ ಅವರವರದ್ದೇ.’

ಇಷ್ಟರಲ್ಲೇ ವಿಷಯವೆಲ್ಲ ಇದೆ. ಸೂಜಿ ಅವರವರದ್ದೇ ಆಗಿದ್ದರೂ ಚಮಚ ಒಂದು, ಸೋಸುವ ಹತ್ತಿ ಒಂದು, ತೊಳೆಯುವ ನೀರಿನ ಲೋಟ ಒಂದು, ಅಳತೆಗೆ ಬಳಸಿದ ಸಿರಿಂಜ್ ಒಂದು. ಒಂದು ಸಲ ಬಳಸಿದ ಸಿರಿಂಜಿನಿಂದ ಎಳೆದು ಹಾಕಿದಾಗ ಒಬ್ಬರ ರಕ್ತದ ಕಣ ಎಲ್ಲರ ಪಾಲಿಗೂ ಬೀಳುತ್ತದೆ. ಮುಂದಿನ ಪ್ರಶ್ನೆಗಳೂ ಹೀಗೇ ನಿರ್ದಿಷ್ಟವಾಗಿರಲಿ: ಮೊದಲು ಯಾರು ಚುಚ್ಚಿಕೊಂಡರು, ಬೇರೆಯವರು ನಿಮಗೆ ಚುಚ್ಚಿದರೇ, ದಿನಕ್ಕೆ ಎಷ್ಟು ಸಲ, ಹೊಸ ಸಿರಿಂಜ್ ಎಲ್ಲಿ ಸಿಗುತ್ತದೆ, ರಾತ್ರಿ ಸಿಗದಿದ್ದರೆ ಏನು ಮಾಡುತ್ತೀರಿ. ಕೊಕೇನ್ ಅಥವಾ ಮೆಥಾಂಫೆಟಮೀನ್ ಸಹ ಬಳಸುತ್ತಾರೆಯೇ ಎಂದು ತಿಳಿಯುವುದು ಮುಖ್ಯ, ಏಕೆಂದರೆ ಅವುಗಳನ್ನು ಬಳಸುವವರು ಒಂದೇ ದಿನದಲ್ಲಿ ಹಲವಾರು ಬಾರಿ ಚುಚ್ಚಿಕೊಳ್ಳುವುದುಂಟು, ಮೆಥಡೋನ್ ಅದನ್ನು ತಡೆಯಲಾರದು.

ಲೈಂಗಿಕ ಸಂಪರ್ಕದ ಬಗ್ಗೆ ಕೇಳಲು ಅನೇಕ ಸಿಬ್ಬಂದಿ ಸಂಕೋಚಪಡುತ್ತಾರೆ. ವ್ಯಸನದ ಕೇಂದ್ರದಲ್ಲಿ ಅದೇಕೆ ಎನ್ನುತ್ತಾರೆ. ಆದರೆ ಹಣಕ್ಕಾಗಿ, ಮಾದಕವಸ್ತುವಿಗಾಗಿ, ಮಲಗಲು ಒಂದು ಜಾಗಕ್ಕಾಗಿ ದೇಹ ಒಪ್ಪಿಸಬೇಕಾಗಿ ಬರುವವರು ಇದೇ ಸಾಲಿನಲ್ಲಿ ನಿಂತಿರುತ್ತಾರೆ, ಗಂಡಸರೂ ಸೇರಿ. ‘ಇದನ್ನು ಇಲ್ಲಿಗೆ ಬರುವ ಎಲ್ಲರಿಗೂ ಕೇಳುತ್ತೇವೆ, ಉತ್ತರಿಸಲು ಇಷ್ಟವಿಲ್ಲದಿದ್ದರೆ ಬಿಡಬಹುದು’ ಎಂದು ಮೊದಲೇ ಹೇಳಿದರೆ ಮಾತು ಸಲೀಸಾಗುತ್ತದೆ. ಮೊದಲ ಭೇಟಿಯಲ್ಲಿ ಉತ್ತರ ಬಾರದಿದ್ದರೆ ಒತ್ತಾಯಿಸಬಾರದು. ಅಪಾಯವನ್ನು ಒಪ್ಪಿಕೊಂಡವರಿಗಷ್ಟೇ ತಡೆಯ ಸೌಲಭ್ಯ ಎಂಬ ನಿಯಮವನ್ನೂ ಮಾಡಬಾರದು; ಕೇಳಿದವರಿಗೆಲ್ಲ ಸಿಗಬೇಕು.

ಪರೀಕ್ಷೆ, ಬಂದ ದಿನವೇ

ಪರೀಕ್ಷೆಯನ್ನು ದಾಖಲಾತಿಯ ದಿನವೇ ಮಾಡಿ, ನಂತರ ಮೂರು ತಿಂಗಳಿಗೊಮ್ಮೆ ಮರುಕಳಿಸುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಬೇಕಿದ್ದರೆ ಮಾಡಿಸಿಕೊಳ್ಳಿ’ ಎನ್ನುವುದಕ್ಕಿಂತ ‘ಇಲ್ಲಿ ಎಲ್ಲರಿಗೂ ಮಾಡುತ್ತೇವೆ, ಬೇಡವೆಂದರೆ ಹೇಳಿ’ ಎನ್ನುವುದು ಹೆಚ್ಚು ಜನರನ್ನು ಒಳಗೊಳ್ಳುತ್ತದೆ. ಆದರೆ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಬೇಕು: ಪರೀಕ್ಷೆ ನಿರಾಕರಿಸಿದ ಕಾರಣಕ್ಕೆ ಆ ದಿನದ ಮೆಥಡೋನ್ ತಡೆಹಿಡಿಯುವಂತಿಲ್ಲ.

ಇಲ್ಲಿ ಒಂದು ಸಣ್ಣ ವಿವರಕ್ಕೆ ದೊಡ್ಡ ಮಹತ್ವವಿದೆ. ವರ್ಷಗಟ್ಟಲೆ ಚುಚ್ಚಿಕೊಂಡವರ ತೋಳಿನಲ್ಲಿ ರಕ್ತನಾಳ ಸಿಗುವುದು ಕಷ್ಟ. ಎರಡು ಸಲ, ಮೂರು ಸಲ ಚುಚ್ಚಿ ಸಿಗದೆ, ಕೊನೆಗೆ ಸಿಬ್ಬಂದಿ ಬೇಸರದಿಂದ ಉಸಿರು ಬಿಟ್ಟ ಆ ಕ್ಷಣವೇ ಅವರಿಗೆ ಮುಂದಿನ ಪರೀಕ್ಷೆಗೆ ಬಾರದಿರಲು ಸಾಕು. ಮೊದಲೇ ಅವರನ್ನೇ ಕೇಳಿ: ‘ಯಾವ ನಾಳ ಚೆನ್ನಾಗಿದೆ?’ ತಮ್ಮ ದೇಹದ ನಾಳಗಳ ಬಗ್ಗೆ ಅವರಿಗೆ ತಿಳಿದಷ್ಟು ಯಾರಿಗೂ ತಿಳಿದಿರುವುದಿಲ್ಲ. ಕೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಇರಿಸಿ, ಕುಡಿಯಲು ನೀರು ಕೊಡಿ. ಬೆರಳ ತುದಿಯ ಹನಿಯಿಂದ ಮಾಡುವ ಕ್ಷಿಪ್ರ ಪರೀಕ್ಷೆ ಇದ್ದರೆ ಮೊದಲ ಹಂತಕ್ಕೆ ಅದೇ ಸಾಕು, ಫಲಿತಾಂಶ ಅರ್ಧ ಗಂಟೆಯೊಳಗೆ ಕೈಗೆ ಸಿಗುತ್ತದೆ.

ಯಾವ ಪರೀಕ್ಷೆ ಎಷ್ಟು ಬೇಗ ಸೋಂಕನ್ನು ಹಿಡಿಯುತ್ತದೆ ಎಂಬುದನ್ನು ಸಿಬ್ಬಂದಿಯೆಲ್ಲರೂ ತಿಳಿದಿರಬೇಕು. ರಕ್ತನಾಳದಿಂದ ತೆಗೆದ ರಕ್ತದ ಮೇಲೆ ಪ್ರಯೋಗಾಲಯದಲ್ಲಿ ಮಾಡುವ, ವೈರಸ್ಸಿನ ಅಂಶ (ಪ್ರತಿಜನಕ) ಮತ್ತು ಅದರ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ ಎರಡನ್ನೂ ನೋಡುವ ಪರೀಕ್ಷೆ ಸೋಂಕನ್ನು 18ರಿಂದ 45 ದಿನಗಳೊಳಗೆ ಗುರುತಿಸುತ್ತದೆ. ಪ್ರತಿಕಾಯಗಳನ್ನಷ್ಟೇ ನೋಡುವ ಪರೀಕ್ಷೆಗಳಿಗೆ 23ರಿಂದ 90 ದಿನ ಬೇಕು. ವೈರಸ್ಸಿನ ಆರ್‌ಎನ್‌ಎ ಹುಡುಕುವ ಪರೀಕ್ಷೆ 10ರಿಂದ 33 ದಿನಗಳಲ್ಲಿ ಪತ್ತೆ ಮಾಡುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎಚ್‌ಐವಿ ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಬರುವ ಜ್ವರ, ಮೈಕೈ ನೋವು, ಬೆವರು, ಭೇದಿ, ಸುಸ್ತು ಇವೆಲ್ಲ ಓಪಿಯಾಯ್ಡ್ ಇಳಿದಾಗಿನ ನರಳಾಟವನ್ನೇ ಹೋಲುತ್ತವೆ. ಮೆಥಡೋನ್ ಸರಿಯಾಗಿ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದಿದೆ, ಗಂಟಲು ನೋಯುತ್ತಿದೆ, ಕುತ್ತಿಗೆಯ ಗ್ರಂಥಿಗಳು ಊದಿವೆ, ಮೈಮೇಲೆ ದದ್ದು ಎದ್ದಿದೆ ಎಂದರೆ ಡೋಸ್ ಏರಿಸಿ ಸುಮ್ಮನಾಗಬಾರದು. ಕ್ಷಿಪ್ರ ಪರೀಕ್ಷೆ ನೆಗೆಟಿವ್ ತೋರಿಸಿದರೂ ಆರ್‌ಎನ್‌ಎ ಪರೀಕ್ಷೆಗೆ ರಕ್ತ ಕಳಿಸಬೇಕು. ಆ ವಾರಗಳಲ್ಲಿ ರಕ್ತದಲ್ಲಿ ವೈರಸ್ ಪ್ರಮಾಣ ಬಹಳ ಹೆಚ್ಚಿರುತ್ತದೆ, ಇನ್ನೊಬ್ಬರಿಗೆ ದಾಟುವ ಸಂಭವವೂ ಹಾಗೆಯೇ.

ಅದೇ ಸಿರಿಂಜ್ ರಕ್ತದಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಮಾಡಿಸಿಬಿಡಿ. ಮತ್ತೊಮ್ಮೆ ಚುಚ್ಚುವ ಪ್ರಸಂಗ ಬರಬಾರದು. ಹೆಪಟೈಟಿಸ್ ಬಿ ಇಲ್ಲದವರಿಗೆ ಲಸಿಕೆ ಅಂದೇ ಶುರುವಾಗಲಿ. ಆರು ತಿಂಗಳ ವೇಳಾಪಟ್ಟಿಯನ್ನು ಪೂರೈಸುವುದು ಕಷ್ಟವೆನಿಸಿದವರಿಗೆ ಮೂರು ವಾರಗಳಲ್ಲಿ ಮೂರು ಡೋಸ್ ಕೊಟ್ಟು ವರ್ಷದ ನಂತರ ಒಂದು ಬೂಸ್ಟರ್ ಕೊಡುವ ಕ್ರಮವೂ ಇದೆ. ಹೆಪಟೈಟಿಸ್ ಸಿ ಇಂದು 8ರಿಂದ 12 ವಾರಗಳ ಮಾತ್ರೆಯಿಂದ ಗುಣವಾಗುವ ಕಾಯಿಲೆ. ಇನ್ನೂ ಚುಚ್ಚಿಕೊಳ್ಳುತ್ತಿದ್ದಾರೆ ಎಂಬ ನೆಪದಿಂದ ಅದನ್ನು ಮುಂದೂಡಬಾರದು.

ಪ್ರೆಪ್: ಸೋಂಕು ತಗಲುವ ಮೊದಲೇ ಔಷಧ

ಸೋಂಕಿಲ್ಲದವರು ಸೋಂಕು ಬಾರದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಔಷಧಕ್ಕೆ ಪ್ರೆಪ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು 300 ಮಿಲಿಗ್ರಾಂ ಟೆನೋಫೋವಿರ್ ಮತ್ತು 200 ಮಿಲಿಗ್ರಾಂ ಎಮ್‌ಟ್ರಿಸಿಟಬೀನ್ ಸೇರಿದ, ದಿನಕ್ಕೊಂದು ಮಾತ್ರೆ. ಚುಚ್ಚಿಕೊಳ್ಳುವವರಲ್ಲಿ ಇದು ಕೆಲಸ ಮಾಡುತ್ತದೆಯೇ ಎಂಬ ಸಂಶಯಕ್ಕೆ ಥಾಯ್ಲೆಂಡಿನ ಬ್ಯಾಂಕಾಕ್‌ನಲ್ಲಿ 2005ರಿಂದ 2012ರವರೆಗೆ, 2,400ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪ್ರಯೋಗ ಉತ್ತರ ಕೊಟ್ಟಿತು. ಟೆನೋಫೋವಿರ್ ಒಂದನ್ನೇ ಕೊಟ್ಟಾಗಲೂ ಹೊಸ ಸೋಂಕುಗಳು ಶೇ 49ರಷ್ಟು ಕಡಿಮೆಯಾದವು; ರಕ್ತದಲ್ಲಿ ಔಷಧ ಇರುವುದು ಕಂಡುಬಂದವರಲ್ಲಿ ರಕ್ಷಣೆ ಶೇ 70ರಷ್ಟಿತ್ತು. ಆ ಪ್ರಯೋಗ ನಡೆದದ್ದು ಮಾದಕವಸ್ತು ಚಿಕಿತ್ಸಾ ಕೇಂದ್ರಗಳಲ್ಲೇ, ಬಹಳಷ್ಟು ಮಂದಿ ಸಿಬ್ಬಂದಿಯ ಎದುರಿನಲ್ಲೇ ಮಾತ್ರೆ ನುಂಗುತ್ತಿದ್ದರು ಎಂಬುದನ್ನು ಗಮನಿಸಬೇಕು. ನಿಮ್ಮ ಕೇಂದ್ರಕ್ಕೆ ಇದಕ್ಕಿಂತ ಹೊಂದುವ ಮಾದರಿ ಸಿಗಲಾರದು.

ಶುರು ಮಾಡುವ ದಿನ ಬೇಕಾದದ್ದು ಬಹಳವಿಲ್ಲ. ಎಚ್‌ಐವಿ ಪರೀಕ್ಷೆ ನೆಗೆಟಿವ್ ಇರಬೇಕು, ಈಗಷ್ಟೇ ಸೋಂಕು ತಗುಲಿದ ಲಕ್ಷಣಗಳಿರಬಾರದು, ಮೂತ್ರಪಿಂಡದ ಕಾಯಿಲೆಯ ಇತಿಹಾಸ ಇರಬಾರದು. ಉಳಿದ ಪರೀಕ್ಷೆಗಳಿಗೆ ರಕ್ತ ತೆಗೆದುಕೊಂಡು, ಫಲಿತಾಂಶಕ್ಕೆ ಕಾಯದೆ ಅಂದೇ ಮಾತ್ರೆ ಕೊಡಬಹುದು. ಫಲಿತಾಂಶದಲ್ಲಿ ತೊಂದರೆ ಕಂಡರೆ ಮರುದಿನವೇ ಆ ವ್ಯಕ್ತಿ ನಿಮ್ಮೆದುರು ಬರುತ್ತಾರಲ್ಲ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಸೋಸುವ ವೇಗ) ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕಡಿಮೆ ಇದ್ದರೆ ಈ ಮಾತ್ರೆಯನ್ನು ಮುಂದುವರಿಸುವ ಮೊದಲು ತಜ್ಞರೊಡನೆ ಚರ್ಚಿಸಿ. ಹೆಪಟೈಟಿಸ್ ಬಿ ಇರುವವರಿಗೆ ಪ್ರೆಪ್ ಕೊಡಬಾರದೆಂದೇನೂ ಇಲ್ಲ, ಏಕೆಂದರೆ ಇವೇ ಔಷಧಗಳು ಆ ವೈರಸ್ಸನ್ನೂ ಹತ್ತಿಕ್ಕುತ್ತವೆ. ಆದರೆ ಥಟ್ಟನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಮರುಕಳಿಸಬಹುದು. ಇದನ್ನು ಕಡತದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿಡಿ, ರೋಗಿಗೂ ಅರ್ಥವಾಗುವಂತೆ ಹೇಳಿ.

ಈ ಮಾತ್ರೆಗೂ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್‌ಗೂ ಗಮನಾರ್ಹವಾದ ಘರ್ಷಣೆ ಇಲ್ಲ. ಇದನ್ನು ಮೊದಲ ದಿನವೇ ತಿಳಿಸದಿದ್ದರೆ, ಹೊಸ ಮಾತ್ರೆಯಿಂದ ತಮ್ಮ ಮೆಥಡೋನ್ ಕೆಲಸ ಮಾಡದೆ ಹೋದೀತು ಎಂಬ ಭಯಕ್ಕೇ ಕೆಲವರು ಅದನ್ನು ಎಸೆದುಬಿಡುತ್ತಾರೆ. ಮೊದಲ ಕೆಲವು ವಾರ ವಾಕರಿಕೆ, ತಲೆನೋವು ಇರಬಹುದು, ನಂತರ ಇಳಿಯುತ್ತವೆ. ಸೂಜಿಯ ಮೂಲಕ ಬರುವ ಸೋಂಕಿನಿಂದ ಪೂರ್ಣ ರಕ್ಷಣೆ ಸಿಗಲು ಸುಮಾರು 21 ದಿನ ಬಿಡದೆ ತೆಗೆದುಕೊಂಡಿರಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಸಂಪರ್ಕದ ಹಿಂದೆ ಮುಂದೆ ಮಾತ್ರ ನುಂಗುವ ಕ್ರಮವೊಂದು ಲೈಂಗಿಕ ಸೋಂಕಿನ ತಡೆಗಾಗಿ ಕೆಲವರಲ್ಲಿ ಬಳಕೆಯಲ್ಲಿದೆ. ಸೂಜಿಯ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಬಾರದು, ದಿನವೂ ತೆಗೆದುಕೊಳ್ಳಬೇಕು.

ದಿನವೂ ಮೆಥಡೋನ್ ಕುಡಿಯಲು ಬರುವವರಿಗೆ ಅದೇ ಲೋಟದ ಪಕ್ಕದಲ್ಲೇ ಪ್ರೆಪ್ ಮಾತ್ರೆ ಇಟ್ಟುಬಿಡಿ. ವಾರಕ್ಕೊಮ್ಮೆ ಔಷಧ ಒಯ್ಯುವವರಿಗೆ ಅಷ್ಟೇ ದಿನಗಳ ಮಾತ್ರೆಯನ್ನು ಜೊತೆಗೇ ಕೊಡಿ, ತಿಂಗಳ ಡಬ್ಬಿ ಬೇಡ. ಮನೆಯಿಲ್ಲದವರ ಚೀಲ ಕಳವಾಗುತ್ತದೆ, ಮಳೆಗೆ ನೆನೆಯುತ್ತದೆ. ಕಳೆದುಕೊಂಡೆ ಎಂದರೆ ಪ್ರಶ್ನಿಸದೆ ಮತ್ತೆ ಕೊಡಿ. ಎಚ್‌ಐವಿ ಔಷಧದ ಡಬ್ಬಿಯ ಸದ್ದು, ಅದರ ಹೆಸರುಪಟ್ಟಿ ಬೇರೆಯವರಿಗೆ ತಪ್ಪು ಸಂಶಯ ಹುಟ್ಟಿಸುತ್ತದೆ ಎಂಬ ಅಳುಕು ಬಹಳ ಮಂದಿಗಿದೆ. ಹೆಸರಿಲ್ಲದ ಪುಟ್ಟ ಕಾಗದದ ಪೊಟ್ಟಣ ಆ ಅಳುಕನ್ನು ಕಳೆಯುತ್ತದೆ.

ಚುಚ್ಚುಮದ್ದಿನ ರೂಪದ ಪ್ರೆಪ್ ಸಹ ಬಂದಿದೆ. ಕ್ಯಾಬೊಟೆಗ್ರಾವಿರ್‌ನ ಮೊದಲೆರಡು ಡೋಸ್‌ಗಳನ್ನು ಒಂದು ತಿಂಗಳ ಅಂತರದಲ್ಲಿ ಕೊಟ್ಟು, ನಂತರ ಎರಡು ತಿಂಗಳಿಗೊಮ್ಮೆ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2021ರ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು. ಆರು ತಿಂಗಳಿಗೊಮ್ಮೆ ಕೊಡುವ ಲೆನಾಕ್ಯಾಪಾವಿರ್‌ಗೆ 2025ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು, ಮರು ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಮಾತ್ರೆ ಇಟ್ಟುಕೊಳ್ಳಲು ಜಾಗವೇ ಇಲ್ಲದವರಿಗೆ ಇವು ದೊಡ್ಡ ಅನುಕೂಲ. ತಿಂಗಳಿಗೊಮ್ಮೆ ಕೊಡುವ ಬ್ಯುಪ್ರೆನಾರ್ಫಿನ್ ಚುಚ್ಚುಮದ್ದು ನಿಮ್ಮಲ್ಲಿದ್ದರೆ ಎರಡನ್ನೂ ಒಂದೇ ಭೇಟಿಗೆ ಹೊಂದಿಸಬಹುದು. ಲೆನಾಕ್ಯಾಪಾವಿರ್ ಕೆಲವು ಓಪಿಯಾಯ್ಡ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಹುದಾದ್ದರಿಂದ, ಅದನ್ನು ಕೊಟ್ಟ ಮೊದಲ ವಾರಗಳಲ್ಲಿ ಮಂಪರು ಹೆಚ್ಚಾಗಿದೆಯೇ, ಉಸಿರಾಟ ನಿಧಾನವಾಗಿದೆಯೇ ಎಂದು ವಿಚಾರಿಸುತ್ತಿರಬೇಕು, ನಲೋಕ್ಸೋನ್ ಕೈಯಲ್ಲಿದೆಯೇ ಎಂದೂ ನೋಡಬೇಕು.

ಸೂಜಿ, ಸಿರಿಂಜ್ ಮತ್ತು ಉಳಿದ ಸಾಮಾನು

ಚಿಕಿತ್ಸಾ ಕೇಂದ್ರದಲ್ಲೇ ಸಿರಿಂಜ್ ಕೊಟ್ಟರೆ ಚುಚ್ಚಿಕೊಳ್ಳುವುದಕ್ಕೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಸಿಬ್ಬಂದಿ ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಸಿರಿಂಜ್ ವಿತರಣೆಯಿಂದ ಮಾದಕ ಬಳಕೆ ಹೆಚ್ಚಿದ ಪುರಾವೆ ಇಲ್ಲ. ಎಚ್‌ಐವಿ ಕಡಿಮೆಯಾದ ಪುರಾವೆ ಹೇರಳವಾಗಿದೆ. ಚಿಕಿತ್ಸೆಗೆ ಸೇರಿದ ಮೊದಲ ತಿಂಗಳುಗಳಲ್ಲಿ ನಡುನಡುವೆ ಚುಚ್ಚಿಕೊಳ್ಳುವುದು ಅಪರೂಪವಲ್ಲ. ಆ ನಾಲ್ಕಾರು ಸಲಗಳಲ್ಲಿ ಹೊಸ ಸೂಜಿ ಕೈಗೆ ಸಿಕ್ಕಿದೆಯೇ ಇಲ್ಲವೇ ಎಂಬುದರ ಮೇಲೆ ಮುಂದಿನ ಬದುಕೇ ನಿಂತಿರಬಹುದು. ಚುಚ್ಚಿಕೊಳ್ಳುವ ಪ್ರತಿ ವ್ಯಕ್ತಿಗೆ ವರ್ಷಕ್ಕೆ 300 ಸೂಜಿ-ಸಿರಿಂಜ್ ತಲುಪಬೇಕೆಂಬುದು 2030ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಗುರಿ.

ನಿಮ್ಮ ದೇಶದ ಕಾನೂನು ಅವಕಾಶ ಕೊಟ್ಟರೆ ಹಳೆಯದನ್ನು ತಂದರಷ್ಟೇ ಹೊಸದು ಎಂಬ ಲೆಕ್ಕ ಇಡಬೇಡಿ, ಬೇಕಾದಷ್ಟು ಕೊಡಿ. ಒಳಗೆ ರಕ್ತ ಉಳಿಯುವ ಜಾಗ ಕಡಿಮೆಯಿರುವ, ಸೂಜಿ ಸಿರಿಂಜಿಗೆ ಅಂಟಿಕೊಂಡಿರುವ ಬಗೆಯದನ್ನು ಆರಿಸಿ. ಅದರೊಂದಿಗೆ ಬಿಡಿಬಿಡಿ ಚಮಚ, ಸೋಸುಕ, ಶುದ್ಧ ನೀರಿನ ಪುಟ್ಟ ಕುಪ್ಪಿ, ಸ್ಪಿರಿಟ್ ಹತ್ತಿ, ಕಾಂಡೋಮ್ ಇರಲಿ. ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಶೌಚಾಲಯದಲ್ಲೂ ಇರಬೇಕು. ಕಾನೂನು ಅನುಮತಿಸದ ಕಡೆ, ಹೊಸ ಸಿರಿಂಜ್ ಎಲ್ಲಿ ಸಿಗುತ್ತದೆ ಎಂದಾದರೂ ತಿಳಿಸಿ. ಬ್ಲೀಚಿನಿಂದ ತೊಳೆಯುವುದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಅದು ಹೆಪಟೈಟಿಸ್ ಸಿ ವಿರುದ್ಧ ಭರವಸೆ ಇಡುವಂಥದ್ದಲ್ಲ.

ಎಪ್ಪತ್ತೆರಡು ಗಂಟೆಗಳು

ಒಬ್ಬರು ಬೆಳಿಗ್ಗೆ ಬಂದು, ನಿನ್ನೆ ರಾತ್ರಿ ಬೇರೆಯವರ ಸೂಜಿ ಬಳಸಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರೆ ಗಡಿಯಾರ ಆಗಲೇ ಓಡುತ್ತಿದೆ ಎಂದು ತಿಳಿಯಬೇಕು. ಸೋಂಕಿರುವವರ ಸೂಜಿ ಒಮ್ಮೆ ಹಂಚಿಕೊಂಡರೆ ಎಚ್‌ಐವಿ ತಗಲುವ ಸಂಭವ ಹತ್ತು ಸಾವಿರಕ್ಕೆ ಸುಮಾರು 63 ಎಂದು ಅಂದಾಜಿಸಲಾಗಿದೆ. 72 ಗಂಟೆಗಳೊಳಗೆ, ಆದಷ್ಟು ಬೇಗ, ಪೆಪ್ ಎಂಬ ತಡೆಚಿಕಿತ್ಸೆ ಶುರುವಾಗಬೇಕು. ಮೂರು ಔಷಧಗಳು, 28 ದಿನ. ಟೆನೋಫೋವಿರ್, ಅದರೊಡನೆ ಲ್ಯಾಮಿವುಡಿನ್ ಅಥವಾ ಎಮ್‌ಟ್ರಿಸಿಟಬೀನ್, ಮತ್ತು ಡೊಲುಟೆಗ್ರಾವಿರ್ ಇರುವ ಜೋಡಣೆ ಮೆಥಡೋನ್ ಜೊತೆಗೆ ಹೊಂದುತ್ತದೆ. ಮೊದಲ ಐದಾರು ದಿನಗಳಿಗೆ ಸಾಕಾಗುವ ಪೊಟ್ಟಣಗಳನ್ನು ಔಷಧ ಕೊಡುವ ಕಿಟಕಿಯ ಒಳಗಿನ ಕಪಾಟಿನಲ್ಲೇ ಇಟ್ಟುಕೊಳ್ಳಿ, ವೈದ್ಯರು ಇಲ್ಲದ ದಿನ ದಾದಿಯರೇ ಮೊದಲ ಡೋಸ್ ಕೊಡುವಂತೆ ಲಿಖಿತ ಆದೇಶವಿರಲಿ. ರಜೆಯ ದಿನಗಳಲ್ಲೂ ಕಿಟಕಿ ತೆರೆದಿರುತ್ತದಾದರೆ ಪೆಪ್ ಕೂಡ ಸಿಗಬೇಕು. 28 ದಿನ ಮುಗಿದ ಮೇಲೆ ಪರೀಕ್ಷೆ ನೆಗೆಟಿವ್ ಇದ್ದು ಅಪಾಯ ಮುಂದುವರಿದಿದ್ದರೆ ಒಂದು ದಿನವೂ ಬಿಡುವಿಲ್ಲದೆ ಪ್ರೆಪ್‌ಗೆ ದಾಟಿಸಿ.

ಫಲಿತಾಂಶ ಪಾಸಿಟಿವ್ ಬಂದರೆ

ದೃಢಪಡಿಸುವ ಪರೀಕ್ಷೆಯ ಜೊತೆಯಲ್ಲೇ, ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆಯಾದ ಎಆರ್‌ಟಿ ಶುರು ಮಾಡುವ ಸಿದ್ಧತೆ ನಡೆಯಬೇಕು, ಸಾಧ್ಯವಾದರೆ ಅದೇ ದಿನ, ಇಲ್ಲವೇ ವಾರದೊಳಗೆ. ವ್ಯಸನ ಬಿಟ್ಟ ಮೇಲೆ ಎಆರ್‌ಟಿ ಎಂಬ ಷರತ್ತಿಗೆ ಯಾವ ಆಧಾರವೂ ಇಲ್ಲ. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಸೂಜಿಯ ವಿಷಯದಲ್ಲಿ ಅಷ್ಟೇ ಖಚಿತವಾಗಿ ಹೇಳುವ ಪುರಾವೆ ಇನ್ನೂ ಇಲ್ಲದ್ದರಿಂದ ಪ್ರತಿ ಸಲ ಹೊಸ ಸೂಜಿಯ ಮಾತು ಮುಂದುವರಿಯಲಿ.

ಔಷಧಗಳ ಘರ್ಷಣೆಯ ಕಡೆ ಇಲ್ಲಿ ಹೆಚ್ಚು ಗಮನ ಬೇಕು. ಎಫಾವಿರೆಂಜ್ ಮತ್ತು ನೆವಿರಪಿನ್ ಎಂಬ ಎಚ್‌ಐವಿ ಔಷಧಗಳು ಮೆಥಡೋನಿನ ಮಟ್ಟವನ್ನು ತೀರಾ ತಗ್ಗಿಸುತ್ತವೆ; ಒಂದೆರಡು ವಾರಗಳಲ್ಲಿ ನರಳಾಟ ಶುರುವಾಗಿ, ಎಆರ್‌ಟಿ ಮಾತ್ರೆಯೇ ತಮ್ಮನ್ನು ಕಾಯಿಲೆಗೆ ಕೆಡವಿತು ಎಂದು ರೋಗಿಗಳು ಅದನ್ನೇ ನಿಲ್ಲಿಸುತ್ತಾರೆ. ಡೊಲುಟೆಗ್ರಾವಿರ್ ಇರುವ ಚಿಕಿತ್ಸೆಯಲ್ಲಿ ಈ ತೊಂದರೆ ಇಲ್ಲ. ಕ್ಷಯವೂ ಇದ್ದು ರಿಫಾಂಪಿಸಿನ್ ಕೊಡಬೇಕಾದರೆ ಮೆಥಡೋನ್ ಡೋಸನ್ನು ಏರಿಸಬೇಕಾಗುತ್ತದೆ, ಡೊಲುಟೆಗ್ರಾವಿರನ್ನು ದಿನಕ್ಕೆರಡು ಸಲ ಕೊಡಬೇಕಾಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಮೆಥಡೋನನ್ನು ಮತ್ತೆ ಇಳಿಸದಿದ್ದರೆ ಅದೇ ಡೋಸ್ ಅತಿಯಾಗುತ್ತದೆ. ಅಟಾಜನಾವಿರ್ ಎಂಬ ಎಚ್‌ಐವಿ ಔಷಧ ಬ್ಯುಪ್ರೆನಾರ್ಫಿನ್ ಮಟ್ಟವನ್ನು ಏರಿಸುತ್ತದೆ.

ಸುದ್ದಿ ತಿಳಿಸುವಾಗ ಆ ದಿನದ ಮೆಥಡೋನ್ ಮೊದಲು ಕೊಟ್ಟಿರಿ. ಮೈ ನಡುಗುತ್ತಿರುವಾಗ ಯಾವ ಮಾತೂ ತಲೆಗೆ ಹೋಗುವುದಿಲ್ಲ.

ಮಹಿಳೆಯರು

ಮೇಲೆ ಹೇಳಿದ ಬಹುಪಾಲು ವ್ಯವಸ್ಥೆಗಳು ಗಂಡಸರ ಸಾಲನ್ನು ನೋಡಿ ರೂಪುಗೊಂಡವು. ಹೆಂಗಸರಿಗೆ ಬಹಳ ಸಲ ಬೇರೆಯವರೇ ಚುಚ್ಚುತ್ತಾರೆ, ತಾವು ಮೊದಲು ಚುಚ್ಚಿಕೊಂಡ ನಂತರ, ಅದೇ ಸೂಜಿಯಿಂದ. ಹೆಂಗಸರನ್ನು ಸಂಗಾತಿ ಎದುರು ಕೂರಿಸಿ ಪ್ರಶ್ನೆ ಕೇಳಬಾರದು. ಮಗುವನ್ನು ಎತ್ತಿಕೊಂಡೇ ಬರಬಹುದಾದ ಒಂದು ಹೊತ್ತು, ಹೆಣ್ಣು ಸಿಬ್ಬಂದಿ, ಗರ್ಭನಿರೋಧಕ ಮತ್ತು ಗರ್ಭಪರೀಕ್ಷೆ ಅದೇ ಕೋಣೆಯಲ್ಲಿ ಇರಬೇಕು. ಗರ್ಭಿಣಿಯರಿಗೆ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಮುಂದುವರಿಸುವುದೇ ಸುರಕ್ಷಿತ. ಟೆನೋಫೋವಿರ್ ಆಧಾರಿತ ಪ್ರೆಪ್ ಅನ್ನು ಗರ್ಭಧಾರಣೆಯಲ್ಲೂ ಎದೆಹಾಲು ಕುಡಿಸುವಾಗಲೂ ಕೊಡಬಹುದು.

ಕಿಟಕಿ, ಕಡತ, ಸಿಬ್ಬಂದಿ

ಔಷಧದ ಕಿಟಕಿಯ ಬಳಿ ‘ನಿಮ್ಮ ಎಚ್‌ಐವಿ ಮಾತ್ರೆ’ ಎಂಬ ಮಾತು ಒಮ್ಮೆ ಗಟ್ಟಿಯಾಗಿ ಕೇಳಿಸಿದರೆ ಹಿಂದೆ ನಿಂತ ಹತ್ತು ಮಂದಿಯ ಕಿವಿಗೆ ಬಿದ್ದಿರುತ್ತದೆ. ನೆಲದ ಮೇಲೆ ಗೆರೆ ಎಳೆದು ಮುಂದಿನವರನ್ನು ದೂರ ನಿಲ್ಲಿಸಿ. ಪ್ರೆಪ್, ಎಆರ್‌ಟಿ, ವಿಟಮಿನ್ ಎಲ್ಲವೂ ಒಂದೇ ಬಗೆಯ ಪೊಟ್ಟಣದಲ್ಲಿ ಹೋಗಲಿ. ಮಾಹಿತಿ ಪೊಲೀಸರಿಗೋ ಮಾಲೀಕರಿಗೋ ಹೋಗುವುದಿಲ್ಲ ಎಂಬ ಭರವಸೆ ಬಾಯಿಮಾತಿನಲ್ಲಿ ನಿಲ್ಲದೆ ಲಿಖಿತ ನಿಯಮವಾಗಿರಬೇಕು.

ಕೆಲಸವನ್ನು ಹೊಸ ಹುದ್ದೆಗಳಿಲ್ಲದೆಯೂ ಹಂಚಬಹುದು: ಪರೀಕ್ಷೆ ಮತ್ತು ಲಸಿಕೆ ದಾದಿಯರಿಗೆ, ಮಾತುಕತೆ ಆಪ್ತಸಮಾಲೋಚಕರಿಗೆ, ಮಾತ್ರೆಯ ಲೆಕ್ಕ ವಿತರಕರಿಗೆ. ಒಂದು ಹುದ್ದೆಯನ್ನು ಮಾತ್ರ ಹೊಸದಾಗಿ ಹುಟ್ಟುಹಾಕಲೇಬೇಕು. ತಾವೇ ಈ ದಾರಿಯಲ್ಲಿ ನಡೆದು ಬಂದ, ಚಿಕಿತ್ಸೆಯಲ್ಲಿರುವ ಒಬ್ಬರನ್ನು ಸಂಬಳ ಕೊಟ್ಟು ಸಹವರ್ತಿ ಕಾರ್ಯಕರ್ತರಾಗಿ ನೇಮಿಸಿ. ಹೊಸಬರು ವೈದ್ಯರ ಬಳಿ ಹೇಳದ ಮಾತನ್ನು ಹೊರಗಿನ ಬೆಂಚಿನ ಮೇಲೆ ಅವರ ಬಳಿ ಹೇಳುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಹಾಕಬೇಕಾದದ್ದು ಕೊಟ್ಟ ಚೀಟಿಗಳನ್ನಲ್ಲ. ಈ ತಿಂಗಳು ಬಂದವರಲ್ಲಿ ಎಷ್ಟು ಮಂದಿಗೆ ಪರೀಕ್ಷೆಯಾಯಿತು, ಎಷ್ಟು ಮಂದಿ ಪ್ರೆಪ್ ಶುರು ಮಾಡಿದರು, ಮೂರು ತಿಂಗಳ ನಂತರವೂ ಎಷ್ಟು ಮಂದಿ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು.

ಬಿಟ್ಟು ಹೋದವರು ಮರಳಿದಾಗ

ಮೂರು ವಾರ ಕಾಣದಿದ್ದವರು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತರೆ, ಎಲ್ಲಿ ಹೋಗಿದ್ದಿರಿ ಎಂಬ ಗದರಿಕೆಯಿಂದ ಮಾತು ಶುರುವಾಗಬಾರದು. ಮೊದಲು ಕೂರಿಸಿ. ಅಷ್ಟು ದಿನ ತಪ್ಪಿದ ಮೇಲೆ ಹಳೆಯ ಮೆಥಡೋನ್ ಡೋಸ್ ಕೊಡುವಂತಿಲ್ಲ. ಕಡಿಮೆ ಪ್ರಮಾಣದಿಂದ ಹೊಸದಾಗಿ ಏರಿಸುತ್ತಾ ಹೋಗಬೇಕು, ಕಾರಣವನ್ನೂ ವಿವರಿಸಬೇಕು, ಇಲ್ಲದಿದ್ದರೆ ಅದನ್ನು ಶಿಕ್ಷೆಯೆಂದು ತಿಳಿಯುತ್ತಾರೆ. ಕಳೆದ ಮೂರು ದಿನಗಳಲ್ಲಿ ಬೇರೆಯವರ ಸೂಜಿ ಬಳಸಿದ್ದರೆ ಪೆಪ್. ಇಲ್ಲವಾದರೆ ಎಚ್‌ಐವಿ ಪರೀಕ್ಷೆ ಮಾಡಿ, ಜ್ವರ, ದದ್ದು ಇದ್ದವೇ ಎಂದು ವಿಚಾರಿಸಿ, ನೆಗೆಟಿವ್ ಇದ್ದರೆ ಪ್ರೆಪ್ ಅಂದೇ ಮರಳಿ ಶುರು. ನಾಲ್ಕರಿಂದ ಆರು ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷಿಸುವ ದಿನವನ್ನು ಕಡತದಲ್ಲಿ ಬರೆದಿಡಿ. ಹೊರಡುವಾಗ ಕೈಯಲ್ಲಿ ನಲೋಕ್ಸೋನ್, ಹೊಸ ಸಿರಿಂಜ್‌ಗಳ ಪೊಟ್ಟಣ ಮತ್ತು ನಾಳೆ ಬರಬೇಕಾದ ಹೊತ್ತು ಇರಲಿ. ಬೇರೆ ಆಸ್ಪತ್ರೆಗೆ ಬರೆದ ಚೀಟಿ ಮಾತ್ರ ಬೇಡ.